ಮೊದಲು ಮಲಗುವವನು ಕಾವಲುಗಾರ

ಡಿಸೆಂಬರ್ ಮೂರನೇ ವಾರ ಕಳೆಯಿತೆಂದರೆ ಬೆಂಗಳೂರಿನ ಹೊರಮಾವು ಅರ್ಧ ಖಾಲಿ. ಶಾಲೆಗಳಿಗೆ ಕ್ರಿಸ್‌ಮಸ್ ರಜೆ. ಐಟಿ ಕಂಪನಿಯವರಿಗೆ ಉಳಿದ ರಜೆಗಳನ್ನು ವರ್ಷ ಮುಗಿಯುವುದರೊಳಗೆ ತೀರಿಸುವ ಆತುರ. ಕೇರಳ ಮೂಲದ ಕುಟುಂಬಗಳು ಚರ್ಚಿನಲ್ಲಿ ನಡುರಾತ್ರಿಯ ಬಲಿಪೂಜೆ ಮುಗಿಸಿ ಬಂದು, ಎರಡು ತಾಸು ಕಣ್ಣು ಮುಚ್ಚಿ, ಬೆಳಕು ಹರಿಯುವ ಮೊದಲೇ ಹೊಸೂರು–ಸೇಲಂ ದಾರಿ ಹಿಡಿಯುತ್ತವೆ. ಅಯ್ಯಪ್ಪ ಮಾಲಾಧಾರಿಗಳ ಟೆಂಪೊ ಟ್ರಾವೆಲರು, ಕೆಂಪು ಸೀರೆಯ ಓಂಶಕ್ತಿ ಭಕ್ತೆಯರ ಬಸ್ಸು, ತಿರುಪತಿಗೆ ಹೊರಟ ಕಾರು, ಎಲ್ಲಕ್ಕೂ ರಾತ್ರಿಯೇ ಮುಹೂರ್ತ. ಊರಲ್ಲೇ ಉಳಿದವರ ಮನೆಗೆ ನೆಂಟರು ಬರುತ್ತಾರೆ. ಇರುವ ಒಂದು ಬಚ್ಚಲಿಗೆ ಬೆಳಗ್ಗೆ ಸರದಿ.

ಬೆಂಗಳೂರಿನ ಚಳಿ ಅಂಥದ್ದೇನಲ್ಲ. ಹವಾಮಾನ ಇಲಾಖೆಯ ದಾಖಲೆಯಲ್ಲಿ ಈ ನಗರ ಕಂಡ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಂದು. ಈಗಿನ ಡಿಸೆಂಬರ್ ರಾತ್ರಿಗಳು ಸಾಮಾನ್ಯವಾಗಿ 15–16 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಒಂದು ರಗ್ಗು ಹೊದ್ದರೆ ಮುಗಿಯಿತು. ಆದರೆ ಆ ಚಳಿಯನ್ನು ತಡೆಯಲು ನಾವು ಏನನ್ನು ಮುಚ್ಚುತ್ತೇವೆ, ಏನನ್ನು ಉರಿಸುತ್ತೇವೆ, ಎಷ್ಟು ಹೊತ್ತಿಗೆ ಮನೆ ಬಿಡುತ್ತೇವೆ ಎಂಬಲ್ಲಿ ಎಡವಟ್ಟು ಶುರುವಾಗುತ್ತದೆ. ಬಚ್ಚಲಿನ ವಿಷಗಾಳಿ, ಹೆದ್ದಾರಿಯ ಮಂಜು, ಸ್ಟಿಯರಿಂಗ್ ಹಿಡಿದವನ ನಿದ್ದೆ, ಇವು ಮೂರೂ ಒಂದೇ ಜಾತಿಯ ಅಪಾಯಗಳು. ಕನ್ನ ಹಾಕುವ ಮುನ್ನ ಗೂರ್ಖನನ್ನು ಮಲಗಿಸುವ ಜಾಣ ಕಳ್ಳನ ಹಾಗೆ, ಅಪಾಯವನ್ನು ಗುರುತಿಸಬೇಕಾದ ಮಿದುಳನ್ನೇ ಮೊದಲು ಮಂಕಾಗಿಸುತ್ತವೆ.

ಬಚ್ಚಲಿನಿಂದ ಶುರುಮಾಡೋಣ. ಹೊರಮಾವಿನ ಅಡ್ಡರಸ್ತೆಗಳಲ್ಲಿ ಮೂವತ್ತು–ನಲವತ್ತರ ಸೈಟಿನಲ್ಲಿ ನಾಲ್ಕಂತಸ್ತು ಎದ್ದ ಬಾಡಿಗೆ ಕಟ್ಟಡಗಳು ಒತ್ತೊತ್ತಾಗಿ ನಿಂತಿವೆ. ತಾರಸಿಯ ಮೇಲೆ ಸೋಲಾರ್ ಇರುತ್ತದೆ. ಅದರ ಬಿಸಿನೀರಿನ ಪೈಪು ಎಷ್ಟೋ ಕಡೆ ಮಾಲೀಕರ ಮನೆಗಷ್ಟೇ ಇಳಿದಿರುತ್ತದೆ. ಬಾಡಿಗೆದಾರರಿಗೆ ಕರೆಂಟ್ ಬಿಲ್ಲಿನ ಭಯ, ಹಾಗಾಗಿ ಗ್ಯಾಸ್ ಗೀಸರ್. ಐದಡಿ ಉದ್ದ, ಐದಡಿ ಅಗಲ, ಎಂಟಡಿ ಎತ್ತರದ ಬಚ್ಚಲಿನ ಗೋಡೆಗೇ ಅದನ್ನು ನೇತುಹಾಕಿರುತ್ತಾರೆ. ಮೇಲೊಂದು ಗಾಜಿನ ಪಟ್ಟಿಗಳ ವೆಂಟಿಲೇಟರ್, ಅದರಾಚೆ ಎರಡಡಿಗೆ ಪಕ್ಕದ ಕಟ್ಟಡದ ಗೋಡೆ. ಡಿಸೆಂಬರ್ ಬಂದಾಗ ಆ ಪಟ್ಟಿಗಳ ಸಂದಿಗೆ ರಟ್ಟೋ ಥರ್ಮಾಕೋಲೋ ಸಿಕ್ಕಿಸುತ್ತಾರೆ. ತಣ್ಣನೆ ಗಾಳಿಯೂ ಬರಬಾರದು, ಸೊಳ್ಳೆಯೂ ಬರಬಾರದು.

ಈ ಪುಟ್ಟ ಕೋಣೆಯ ಲೆಕ್ಕ ಹಾಕಿ ನೋಡಿ. ಒಳಗಿರುವ ಗಾಳಿ ಹೆಚ್ಚೆಂದರೆ 5.7 ಘನ ಮೀಟರ್. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಏರಿಸಬೇಕಾದರೆ ಗೀಸರ್ ಹತ್ತು ನಿಮಿಷದಲ್ಲಿ ಸುಮಾರು 160 ಗ್ರಾಂ ಎಲ್‌ಪಿಜಿ ಸುಡಬೇಕು. ಒಂದು ಗ್ರಾಂ ಎಲ್‌ಪಿಜಿ ಪೂರ್ತಿ ಉರಿಯಲು ಹೆಚ್ಚೂಕಡಿಮೆ 15 ಗ್ರಾಂ ಗಾಳಿ ಬೇಕು. ಎಂದರೆ ಒಂದು ಸ್ನಾನ ಮುಗಿಯುವಷ್ಟರಲ್ಲಿ ಆ ಜ್ವಾಲೆ ಎರಡು ಘನ ಮೀಟರಿಗೂ ಹೆಚ್ಚು ಗಾಳಿಯ ಆಮ್ಲಜನಕವನ್ನು ಬರಿದುಮಾಡುತ್ತದೆ. ಕೋಣೆಯಲ್ಲಿದ್ದದ್ದರ ಮೂರನೇ ಒಂದು ಭಾಗಕ್ಕೂ ಮಿಗಿಲು! ಬಾಗಿಲ ಕೆಳಗಿನ ಸಂದಿಯಿಂದ ಒಂದಿಷ್ಟು ಗಾಳಿ ಬರುತ್ತದೆ, ನಿಜ. ಆದರೆ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರಿನಲ್ಲಿ ಗಾಳಿಯೇ ಕರಾವಳಿಗಿಂತ ಹತ್ತರಲ್ಲೊಂದು ಪಾಲು ತೆಳು. ಮೊದಲನೆಯವರು ಮುಗಿಸಿ ಬಂದ ಕೂಡಲೇ ಎರಡನೆಯವರು ನುಗ್ಗುತ್ತಾರೆ, ಆಮೇಲೆ ಮೂರನೆಯವರು. ನೆಂಟರಿರುವ ಮನೆಯಲ್ಲಿ ಕೊನೆಯ ಸರದಿಯವರ ಪಾಲಿಗೆ ಉಳಿಯುವುದು ಉರಿದು ಬಿಟ್ಟ ಗಾಳಿ.

ಆಮ್ಲಜನಕ ಸಾಕಷ್ಟಿದ್ದರೆ ಎಲ್‌ಪಿಜಿಯ ಇಂಗಾಲ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕೊರತೆಯಾದರೆ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗು ಉರಿಯುವುದಿಲ್ಲ. ಬಚ್ಚಲಿನಲ್ಲಿ ಇದರಿಂದಾಗುವ ಸಾವುಗಳನ್ನು ಪತ್ರಿಕೆಗಳು ‘ಅನಿಲ ಸೋರಿಕೆ’ ಎಂದು ವರದಿ ಮಾಡುವುದು ನನಗೆ ಬಹಳ ಕಾಲದಿಂದ ಕಿರಿಕಿರಿ. ಸೋರಿಕೆಯಾಗಿದ್ದರೆ ಎಲ್‌ಪಿಜಿಗೆ ಬೇಕೆಂದೇ ಬೆರೆಸಿದ ಮರ್‌ಕ್ಯಾಪ್ಟನ್ನಿನ ಕೆಟ್ಟ ವಾಸನೆ ಮನೆಯವರನ್ನೆಲ್ಲ ಎಬ್ಬಿಸುತ್ತಿತ್ತು. ಇಲ್ಲಿ ಪೈಪು ಸರಿಯಿದೆ, ರೆಗ್ಯುಲೇಟರ್ ಸರಿಯಿದೆ, ಗ್ಯಾಸ್ ಎಲ್ಲೂ ಸೋರಿಲ್ಲ. ವಾಸನೆ ಬರುತ್ತಿಲ್ಲವಲ್ಲ ಎಂಬ ಧೈರ್ಯದಲ್ಲೇ ಜನ ಚಿಲಕ ಹಾಕಿಕೊಳ್ಳುತ್ತಾರೆ.

ಒಳಗೆ ಹೋದ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬ್ರಿಟಿಷ್ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಇದನ್ನು ತನ್ನ ಮೇಲೇ ಪ್ರಯೋಗಿಸಿ ನೋಡಿದ. (ನಮ್ಮ ದೇಶದ ಪೌರತ್ವ ಪಡೆದು ಭುವನೇಶ್ವರದಲ್ಲಿ ತೀರಿಕೊಂಡ ಜೆ.ಬಿ.ಎಸ್. ಹಾಲ್ಡೇನ್ ಇವನ ಮಗ.) ಮೊನಾಕ್ಸೈಡ್ ಉಸಿರಾಡುತ್ತ, ಆಗಾಗ ತನ್ನದೇ ರಕ್ತ ಪರೀಕ್ಷಿಸುತ್ತ, ಹಿಮೋಗ್ಲೋಬಿನ್ನಿನ ಅರ್ಧಕ್ಕೂ ಹೆಚ್ಚು ಭಾಗ ವಿಷಕ್ಕೆ ಸಿಕ್ಕುವವರೆಗೆ ಮುಂದುವರಿದು 1895ರಲ್ಲಿ ವಿವರಗಳನ್ನು ಪ್ರಕಟಿಸಿದ. ಸುಮ್ಮನೆ ಕೂತಿರುವಷ್ಟು ಹೊತ್ತು ಅಂಥದ್ದೇನೂ ಅನ್ನಿಸುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ಇಡಲು ಹೋದಾಗ ಕಾಲು ಕುಸಿಯುತ್ತದೆ, ಕಣ್ಣು ಮಂಜಾಗುತ್ತದೆ. ಬಚ್ಚಲಿನಲ್ಲಿ ತಲೆ ಭಾರವೆನಿಸಿದವರಿಗೆ ಬಿಸಿನೀರಿನ ಹಬೆಯಿಂದ ಇರಬೇಕು ಅನ್ನಿಸುತ್ತದೆ. ಏನೋ ಎಡವಟ್ಟಾಗಿದೆ ಎಂದು ಹೊಳೆದರೂ ಚಿಲಕದವರೆಗೆ ಕೈ ಹೋಗುವುದಿಲ್ಲ.

2023ರ ಜೂನ್‌ನಲ್ಲಿ ಚಿಕ್ಕಜಾಲ ಬಳಿಯ ತರಬನಹಳ್ಳಿಯಲ್ಲಿ ಒಂದು ಜೋಡಿ ಹೀಗೆ ತೀರಿಕೊಂಡಿತು. 2025ರ ಅಕ್ಟೋಬರಿನಲ್ಲಿ ಪಿರಿಯಾಪಟ್ಟಣದಲ್ಲಿ ಇಬ್ಬರು ಅಕ್ಕತಂಗಿಯರು. ಬದುಕುಳಿದವರ ಕತೆ ಬೇರೆ. ನೆನಪು ಕುಂದುವುದು, ಕೈಕಾಲು ಸೆಟೆಯುವುದು ಎಷ್ಟೋ ಸಲ ದಿನಗಳು, ವಾರಗಳು ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. ಬೆಂಗಳೂರಿನ ನರರೋಗ ತಜ್ಞರು ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರಿನಲ್ಲೇ ಇದನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ.

ಅಜ್ಜಿಯ ಕಾಲದ ಬಚ್ಚಲುಮನೆಯಲ್ಲಿ ಹಂಡೆ ಒಲೆಯೇ ಉರಿಯುತ್ತಿರಲಿಲ್ಲವೇ ಎಂದು ಕೇಳಬಹುದು. ಉರಿಯುತ್ತಿತ್ತು, ಮೊನಾಕ್ಸೈಡನ್ನೂ ಧಾರಾಳವಾಗಿ ಉಗುಳುತ್ತಿತ್ತು. ಆದರೆ ಮೇಲೆ ಹೆಂಚಿನ ಮಾಡು, ಹೊಗೆ ಹೋಗಲು ಗವಾಕ್ಷಿ. ಹೊಗೆ ತುಂಬಿದರೆ ಕಣ್ಣಲ್ಲಿ ನೀರು ಬಂದು ಯಾರಾದರೂ ಬಾಗಿಲು ತೆರೆಯುತ್ತಿದ್ದರು. ಆ ಎಚ್ಚರಿಕೆಯ ಹೊಗೆಯನ್ನು ಎಲ್‌ಪಿಜಿ ಕಿತ್ತುಕೊಂಡಿತು, ಆರ್‌ಸಿಸಿ ಚಾವಣಿ ಗವಾಕ್ಷಿಯನ್ನು ಕಿತ್ತುಕೊಂಡಿತು.

ಪರಿಹಾರಕ್ಕೆ ದುಡ್ಡು ಖರ್ಚಾಗುವುದಿಲ್ಲ. ಬಾಗಿಲು ತೆರೆದಿಟ್ಟೇ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಒಳಗೆ ಹೋಗಿ ಚೊಂಬಿನಲ್ಲಿ ಸ್ನಾನ ಮಾಡಿ. ಗೀಸರನ್ನು ಬಚ್ಚಲಿನ ಹೊರಗೆ, ಬಯಲು ಗಾಳಿಯಾಡುವ ಯುಟಿಲಿಟಿಯಲ್ಲಿ ಹಾಕಿಸಿ ಪೈಪು ಮಾತ್ರ ಒಳಗೆ ತಂದರೆ ಇನ್ನೂ ಒಳ್ಳೆಯದು. ಮಾಲೀಕರ ಜೊತೆ ಇದಕ್ಕಾಗಿ ಜಗಳವಾದರೂ ಪರವಾಗಿಲ್ಲ. ನೀಲಿಯಾಗಿರಬೇಕಾದ ಜ್ವಾಲೆ ಹಳದಿಗೆ ತಿರುಗಿದ್ದರೆ ಬರ್ನರ್‌ಗೆ ಗಾಳಿ ಸಾಲುತ್ತಿಲ್ಲವೆಂದು ಅರ್ಥ. ವೆಂಟಿಲೇಟರಿನ ರಟ್ಟನ್ನು ಇವತ್ತೇ ತೆಗೆಯಿರಿ.

ಯಾರಾದರೂ ಬಿದ್ದರೆ ಮೊದಲು ಬಯಲಿಗೆ ಎಳೆದು ತನ್ನಿ, 108ಕ್ಕೆ ಕರೆ ಮಾಡಿ. ಈಗ ಕೋವಿಡ್ ಕಾಲದ ಪಲ್ಸ್ ಆಕ್ಸಿಮೀಟರ್ ಮನೆಮನೆಯಲ್ಲಿದೆ. ಬೆರಳಿಗೆ ಸಿಕ್ಕಿಸಿ ನೋಡಿದರೆ ಅದು 98 ಎಂದೋ 99 ಎಂದೋ ತೋರಿಸುತ್ತದೆ. ನಂಬಬೇಡಿ. ಅದು ಕೆಂಪು ಮತ್ತು ಅವಕೆಂಪು ಬೆಳಕು ಹಾಯಿಸಿ ರಕ್ತದ ಬಣ್ಣದಿಂದ ಆಮ್ಲಜನಕವನ್ನು ಊಹಿಸುವ ಯಂತ್ರ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನೂ ಮೊನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನೂ ಅದರ ಕಣ್ಣಿಗೆ ಒಂದೇ ಕೆಂಪು. ಆಸ್ಪತ್ರೆಯಲ್ಲಿ “ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು” ಎಂಬ ಒಂದು ವಾಕ್ಯವನ್ನು ತಪ್ಪದೆ ಹೇಳಿ. ಸಾಮಾನ್ಯ ಗಾಳಿಯಲ್ಲಿ ರಕ್ತದ ಮೊನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ತಾಸು ಬೇಕು. ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ತಾಸು ಸಾಕು.

ಆ ಒಂದು ವಾಕ್ಯ ನಮ್ಮ ಸೀಮೆಯಲ್ಲಿ ಮುಖ್ಯವಾಗಲು ಇನ್ನೊಂದು ಕಾರಣವೂ ಇದೆ. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಮೂರ್ಛೆ, ‘ಬಿಸಿನೀರಿನ ಅಪಸ್ಮಾರ’, ಜಗತ್ತಿನಲ್ಲಿ ಅಪರೂಪ. ದಕ್ಷಿಣ ಕರ್ನಾಟಕದಲ್ಲಿ ಅಪರೂಪವಲ್ಲ. ಬೆಂಗಳೂರಿನ ಕೆ.ಎಸ್. ಮಣಿ ಮತ್ತು ಸಂಗಡಿಗರು 1960ರ ದಶಕದ ಕೊನೆಯಲ್ಲೇ ಇದರ ಬಗ್ಗೆ ಬರೆದರು. ಮುಂದೆ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು ನೂರಾರು ರೋಗಿಗಳನ್ನು ಅಧ್ಯಯನ ಮಾಡಿದರು. ಹದವಾಗಿ ಬೆಚ್ಚಗಿರುವ ನೀರಿಗೆ ಇದು ಬರುವುದು ಕಡಿಮೆ. ಮೈ ಸುಡುವಂಥ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿದುಕೊಳ್ಳುವ ನಮ್ಮ ಎಣ್ಣೆಸ್ನಾನದ ಪದ್ಧತಿಗೆ ಹೆಚ್ಚು. ಸ್ನಾನಕ್ಕೆ ಮುಂಚೆ ತೆಗೆದುಕೊಳ್ಳುವ ಮಾತ್ರೆಯಿಂದಲೇ ಬಹಳ ಮಂದಿಗೆ ಹತೋಟಿಗೆ ಬರುತ್ತದೆ. ಬಚ್ಚಲಲ್ಲಿ ಬಿದ್ದವರಿಗೆ ವಿಷಗಾಳಿಯೋ ಅಪಸ್ಮಾರವೋ ಎಂದು ವೈದ್ಯರು ಬೇರ್ಪಡಿಸಬೇಕಾದರೆ ಗೀಸರ್ ಯಾವುದು, ಎಲ್ಲಿತ್ತು, ಎಷ್ಟು ಹೊತ್ತು ಉರಿಯಿತು ಎಂಬ ವಿವರ ಬೇಕೇ ಬೇಕು.

ಇದೇ ವಿಷಗಾಳಿ ಬಿಡುವ ಇದ್ದಿಲಿನ ವಿಷಯ ಒಂದೇ ಮಾತಲ್ಲಿ ಮುಗಿಯುತ್ತದೆ: ಕೋಣೆಯೊಳಗೆ ಬೇಡ. 2025ರ ನವೆಂಬರಿನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಚಳಿ ಕಾಯಿಸಲು ಇದ್ದಿಲು ಹಚ್ಚಿಟ್ಟು ಬಾಗಿಲು ಮುಚ್ಚಿ ಮಲಗಿದ ಮೂವರು ಯುವಕರು ಮತ್ತೆ ಏಳಲಿಲ್ಲ. ಹೊಗೆ ಆರಿದ ಕೆಂಡ ಶುದ್ಧವೆಂದು ನಾವು ಅಂದುಕೊಳ್ಳುತ್ತೇವೆ. ಮೊನಾಕ್ಸೈಡಿನ ಮಟ್ಟಿಗೆ ಆ ನಿಗಿನಿಗಿ ಕೆಂಡವೇ ದೊಡ್ಡ ಕಾರ್ಖಾನೆ. ಹೊಸವರ್ಷಕ್ಕೆ ನಂದಿಯ ತಪ್ಪಲಲ್ಲಿ ಟೆಂಟ್ ಹಾಕುವವರು ಬಾರ್ಬೆಕ್ಯೂ ಒಲೆಯನ್ನು ಬೆಚ್ಚಗಿರಲೆಂದು ಒಳಗೆ ತಂದಿಟ್ಟುಕೊಂಡರೂ ಅಷ್ಟೇ. ಮನೆಗೆ ಗ್ಯಾಸ್ ಅಲಾರಂ ಕೊಳ್ಳುವವರು ಪೆಟ್ಟಿಗೆಯ ಮೇಲಿನ ಅಕ್ಷರ ಓದಿ ಕೊಳ್ಳಿ. ಎಲ್‌ಪಿಜಿ ಪತ್ತೆ ಮಾಡುವುದೇ ಬೇರೆ, ಕಾರ್ಬನ್ ಮೊನಾಕ್ಸೈಡ್ ಪತ್ತೆ ಮಾಡುವುದೇ ಬೇರೆ. ಗಾಳಿಗಿಂತ ಭಾರವಾದ ಎಲ್‌ಪಿಜಿ ನೆಲದ ಮೇಲೆ ಹರಿಯುವುದರಿಂದ ಆ ಅಲಾರಂ ನೆಲದ ಹತ್ತಿರವಿರಬೇಕು. ಮೊನಾಕ್ಸೈಡ್ ಗಾಳಿಯಷ್ಟೇ ತೂಕದ್ದು, ಕೋಣೆಯ ತುಂಬ ಬೆರೆಯುತ್ತದೆ.

ಇನ್ನು ರಸ್ತೆ. ಹೊರಮಾವು ಸಿಗ್ನಲಿನಿಂದ ರಿಂಗ್ ರೋಡಿನಲ್ಲಿ ಪಶ್ಚಿಮಕ್ಕೆ ಹೋದರೆ ಹೆಬ್ಬಾಳ, ಅಲ್ಲಿಂದ ಬಳ್ಳಾರಿ ರಸ್ತೆ, ಚಿಕ್ಕಬಳ್ಳಾಪುರ. ಪೂರ್ವಕ್ಕೆ ಕೆ.ಆರ್. ಪುರ ದಾಟಿದರೆ ಹೊಸಕೋಟೆ, ಕೋಲಾರ. ಎರಡೂ ಕಡೆ ಕೆರೆ, ದ್ರಾಕ್ಷಿ ತೋಟ, ಬಯಲು. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ತೇವದ ಗಾಳಿ ತಣ್ಣಗಾಗಿ, ಅದರ ಆವಿ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ತೇಲುತ್ತದೆ. ಗಾಳಿ ಬೀಸದಿದ್ದರೆ ಅದು ಅಲ್ಲೇ ದಪ್ಪವಾಗುತ್ತ ಹೋಗುತ್ತದೆ, ಸೂರ್ಯ ಹುಟ್ಟುವ ಹೊತ್ತಿಗೇ ಅತಿ ದಟ್ಟ. ನಂದಿಬೆಟ್ಟದ ಸೂರ್ಯೋದಯ ನೋಡಲು ಬೈಕಿನಲ್ಲಿ ಹೊರಟವರು ಮಂಜು ಅತಿ ಹೆಚ್ಚಿರುವ ತಾಸನ್ನೇ ಆರಿಸಿಕೊಂಡಿರುತ್ತಾರೆ.

2023ರ ಅಕ್ಟೋಬರ್ 26. ದಸರಾ ಮುಗಿದು ಎರಡು ದಿನವಾಗಿತ್ತು. ಬಾಗೇಪಲ್ಲಿ ಕಡೆಯಿಂದ ಬೆಂಗಳೂರಿನತ್ತ ಬರುತ್ತಿದ್ದ ಟಾಟಾ ಸುಮೊ, ಚಿಕ್ಕಬಳ್ಳಾಪುರದ ಹೊರವಲಯದಲ್ಲಿ ರಸ್ತೆ ಬದಿ ನಿಂತಿದ್ದ ಟ್ಯಾಂಕರಿನ ಹಿಂಬದಿಗೆ ಅಪ್ಪಳಿಸಿತು. ಹಬ್ಬ ಮುಗಿಸಿ ಕೆಲಸಕ್ಕೆ ಮರಳುತ್ತಿದ್ದವರೂ ಇದ್ದ ಆ ಗಾಡಿಯಲ್ಲಿ 13 ಜನ ಸತ್ತರು. ಬೆಳಗ್ಗೆ ಏಳರ ಆಸುಪಾಸು, ದಟ್ಟ ಮಂಜು.

ಮಂಜಿನಲ್ಲಿ ಚಾಲಕನ ಮಿದುಳಿಗೆ ಏನಾಗುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಜಗಳವಿದೆ. ನಮ್ಮ ಕಣ್ಣು ವೇಗವನ್ನು ಅಳೆಯುವುದು ಸುತ್ತಲಿನ ಮರ, ಕಂಬ, ಗೆರೆಗಳು ಹಿಂದೆ ಸರಿಯುವ ಪರಿಯಿಂದ. ಅವು ಮಸುಕಾದರೆ ನಿಧಾನವಾಗಿ ಸರಿದಂತೆ ತೋರುತ್ತವೆ. 1998ರಲ್ಲಿ ರಾಬರ್ಟ್ ಸ್ನೋಡನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಇದನ್ನೇ ಹೇಳಿದರು: ಸಿಮ್ಯುಲೇಟರಿನಲ್ಲಿ ಮಂಜು ಹೆಚ್ಚಿದಷ್ಟೂ ಜನ ತಮಗರಿವಿಲ್ಲದೆ ವೇಗ ಹೆಚ್ಚಿಸಿದರು. 2012ರಲ್ಲಿ ಪಾವ್ಲೊ ಪ್ರೆಟ್ಟೊ ತಂಡ ತಿರುಗೇಟು ಕೊಟ್ಟಿತು. ನಿಜವಾದ ಮಂಜು ಎಲ್ಲವನ್ನೂ ಸಮನಾಗಿ ಮಸುಕು ಮಾಡುವುದಿಲ್ಲ. ಹತ್ತಿರದ್ದು ತಿಳಿಯಾಗಿರುತ್ತದೆ, ದೂರದ್ದು ಮಾಯವಾಗುತ್ತದೆ. ಹಾಗೆ ಚಿತ್ರಿಸಿದಾಗ ಜನ ತಮ್ಮ ವೇಗವನ್ನು ಇದ್ದದ್ದಕ್ಕಿಂತ ಹೆಚ್ಚೆಂದೇ ಭಾವಿಸಿ ನಿಧಾನಿಸಿದರು. ಎರಡನೆಯದೇ ವಾಸ್ತವಕ್ಕೆ ಹತ್ತಿರವೆಂದು ನನಗನ್ನಿಸುತ್ತದೆ. ಯಾರು ಗೆದ್ದರೂ ಚಾಲಕನಿಗೆ ಸಿಗುವ ಪಾಠ ಒಂದೇ: ಮಂಜಿನಲ್ಲಿ ವೇಗದ ಬಗ್ಗೆ ಕಣ್ಣು ಹೇಳುವುದನ್ನು ಬಿಟ್ಟು ಸ್ಪೀಡೊಮೀಟರ್ ನೋಡಬೇಕು.

ನೋಡಿ ಎಷ್ಟಕ್ಕಿಳಿಸಬೇಕು? ಐವತ್ತು ಮೀಟರ್ ಮುಂದಿನ ಟ್ಯಾಂಕರ್ ಕಾಣುತ್ತದೆ ಎನ್ನಿ. ಗಂಟೆಗೆ 80 ಕಿಲೊಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಕಂಡದ್ದು ಏನೆಂದು ತಿಳಿದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೂ 33 ಮೀಟರ್ ಹೋಯಿತು. ಒಣ ರಸ್ತೆ, ಒಳ್ಳೆ ಟೈರ್ ಇದ್ದರೆ ನಿಲ್ಲಲು ಇನ್ನೂ 36 ಮೀಟರ್. ಒಟ್ಟು 69. ಟ್ಯಾಂಕರ್ ಇರುವುದು 50ರಲ್ಲಿ. ಮಂಜಿನ ತೇವಕ್ಕೆ ರಸ್ತೆ ಜಾರುವುದನ್ನೂ ಲೆಕ್ಕಕ್ಕೆ ಹಿಡಿದರೆ 60ರ ವೇಗದಲ್ಲೂ ಐವತ್ತು ಮೀಟರಿಗೆ ನಿಲ್ಲುವುದು ಅನುಮಾನ. 50ಕ್ಕಿಳಿದರೆ ಸುಮಾರು 40 ಮೀಟರಿನಲ್ಲಿ ನಿಲ್ಲುತ್ತದೆ. ಸೀಟಿಗಿಂತ ಹೆಚ್ಚು ಜನ ತುಂಬಿದ ಗಾಡಿಗೆ ಈ ಲೆಕ್ಕವೂ ಉದಾರವಾಯಿತು.

ದೀಪದ ವಿಷಯದಲ್ಲಿ ಎರಡು ಮಾತು. ಹೈ ಬೀಮ್ ಹಾಕಿದರೆ ಎದುರಿನ ಹನಿಗಳು ಆ ಬೆಳಕನ್ನು ನಿಮ್ಮ ಕಣ್ಣಿಗೇ ವಾಪಸು ಎರಚಿ ಬಿಳಿ ಪರದೆ ಕಟ್ಟುತ್ತವೆ. ಲೋ ಬೀಮ್ ಮತ್ತು ಬಂಪರಿನ ಕೆಳಗಿನ ಫಾಗ್ ಲ್ಯಾಂಪ್ ಸಾಕು. ಹಳದಿ ದೀಪ ಮಂಜನ್ನು ಸೀಳುತ್ತದೆ ಎಂಬುದು ಬಿಡಿಭಾಗಗಳ ಅಂಗಡಿಯ ನಂಬಿಕೆ. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ್ದರಿಂದ ಎಲ್ಲ ಬಣ್ಣವನ್ನೂ ಹೆಚ್ಚೂಕಡಿಮೆ ಒಂದೇ ಸಮ ಚದುರಿಸುತ್ತದೆ. ಇನ್ನೊಂದು ನಮ್ಮವರ ಚಾಳಿ, ಓಡುವ ಗಾಡಿಯಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸುವುದು. ಅದು ನಿಂತ ಗಾಡಿಯ ಸಂಕೇತ. ಓಡುವವರೆಲ್ಲ ಅದನ್ನೇ ಹಾಕಿಕೊಂಡರೆ, ನಿಜವಾಗಿ ನಿಂತ ಟ್ಯಾಂಕರನ್ನು ಗುರುತಿಸುವುದು ಹೇಗೆ?

ಮೂರನೆಯದು ನಿದ್ದೆ. ಕ್ರಿಸ್‌ಮಸ್ ಹಿಂದಿನ ದಿನ ಬೆಳಗ್ಗೆ ಆರಕ್ಕೆ ಎದ್ದವರನ್ನು ನೆನೆಯಿರಿ. ರಾತ್ರಿ ಹನ್ನೊಂದಕ್ಕೆ ಎಚ್ಚರವಾಗಿದ್ದು ಹದಿನೇಳು ತಾಸು. ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ತೋರಿಸಿದ ಪ್ರಕಾರ, ಆ ಹೊತ್ತಿಗೆ ಕೈ–ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯವಿದ್ದವನಷ್ಟೇ ಕೆಟ್ಟಿರುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿಲಿಗ್ರಾಂ. ಹನಿ ಮದ್ಯ ಮುಟ್ಟದವರು ಬಲಿಪೂಜೆ ಶುರುವಾಗುವ ಮುಂಚೆಯೇ ಆ ಗೆರೆ ದಾಟಿರುತ್ತಾರೆ; ಪೊಲೀಸರ ಊದುವ ಯಂತ್ರ ಮಾತ್ರ ಸೊನ್ನೆ ತೋರಿಸುತ್ತದೆ. ಅದರ ಮೇಲೆ ರಾತ್ರಿ ಎರಡರಿಂದ ಐದರವರೆಗೆ ದೇಹದ ಒಳಗಡಿಯಾರ ಮಲಗೆಂದು ಗದರುವ ಹೊತ್ತು. ಮೂರು ಸೆಕೆಂಡಿನ ಜೋಂಪು ಹತ್ತಿದರೆ ಎಂಬತ್ತರ ವೇಗದ ಕಾರು 67 ಮೀಟರ್ ಯಾರ ಹಿಡಿತದಲ್ಲೂ ಇಲ್ಲದೆ ಓಡುತ್ತದೆ.

“ನನಗೇನೂ ನಿದ್ದೆ ಬರ್ತಿಲ್ಲ ಬಿಡಿ” ಎನ್ನುವ ಮಾತಿಗೆ ಬೆಲೆ ಕೊಡಬೇಡಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹಾನ್ಸ್ ವ್ಯಾನ್ ಡಾಂಗೆನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಎರಡು ವಾರ ದಿನಕ್ಕೆ ಆರೇ ತಾಸು ನಿದ್ದೆ ಕೊಟ್ಟರು. ಅವರ ಎಚ್ಚರ ದಿನದಿಂದ ದಿನಕ್ಕೆ ಕುಸಿಯಿತು. ನಿದ್ದೆ ಬರುತ್ತಿದೆಯೇ ಎಂದು ಕೇಳಿದರೆ ಸ್ವಲ್ಪ, ಅಷ್ಟೇ ಎನ್ನುತ್ತಿದ್ದರು. ವರ್ಷದ ಕೊನೆಯ ಡೆಡ್‌ಲೈನ್ ಮುಗಿಸಿ ಅದೇ ರಾತ್ರಿ ಊರಿಗೆ ಹೊರಡುವ ಹೊರಮಾವಿನ ಟೆಕ್ಕಿಯ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಜೋರು ಹಾಡು, ಕಿಟಕಿಯ ತಣ್ಣನೆ ಗಾಳಿ, ಮುಖಕ್ಕೆ ನೀರು ಕೆಲವು ನಿಮಿಷದ ಆಟ.

ಕೆಲಸ ಮಾಡುವುದು ಎರಡೇ: ಕಾಫಿ ಮತ್ತು ನಿದ್ದೆ, ಅದೂ ಒಟ್ಟಿಗೆ. ಲಫ್‌ಬರೋ ವಿಶ್ವವಿದ್ಯಾಲಯದ ಲೂಯಿಸ್ ರೇನರ್ ಮತ್ತು ಜಿಮ್ ಹಾರ್ನ್ 1997ರಲ್ಲಿ ಚಾಲಕರ ಮೇಲೆ ಇದನ್ನು ಪರೀಕ್ಷಿಸಿದರು. ಕೆಫೀನ್ ಮಿದುಳಿಗೆ ತಲುಪಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಕಾಫಿ ಕುಡಿದ ಕೂಡಲೇ ಗಾಡಿ ಎತ್ತಿದರೆ ಆ ಇಪ್ಪತ್ತು ನಿಮಿಷ ಅಪಾಯದಲ್ಲೇ ಓಡಿಸಿದಂತೆ. ಬದಲಿಗೆ ಕೋಲಾರದ ಹತ್ತಿರ ಒಂದು ಸ್ಟ್ರಾಂಗ್ ಫಿಲ್ಟರ್ ಕಾಫಿ ಹೊಟ್ಟೆಗಿಳಿಸಿ, ಸೀಟು ಹಿಂದಕ್ಕೆ ಬಾಗಿಸಿ, ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಮಲಗಿಬಿಡಿ. ಏಳುವ ಹೊತ್ತಿಗೆ ಕೆಫೀನೂ ಬಂದು ತಲುಪಿರುತ್ತದೆ. ಗಾಡಿ ನಿಲ್ಲಿಸುವುದು ಹೋಟೆಲಿನ ಆವರಣದಲ್ಲೋ ಪೆಟ್ರೋಲ್ ಬಂಕಿನಲ್ಲೋ, ಹೆದ್ದಾರಿಯ ಅಂಚಿನಲ್ಲಂತೂ ಬೇಡ. ಎಂಜಿನ್ ಆರಿಸಿ, ಎಸಿ ಬೇಡ, ಕಿಟಕಿ ಎರಡು ಬೆರಳಿನಷ್ಟು ಇಳಿಸಿರಿ.